ನಾಲ್ಕನೆಯ ಪ್ರಶ್ನೆ, ನೂರೈವತ್ತು ಪದ ಮೀರದಂತೆ

ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯಿತು,
ಆಮೇಲೆ ಬಂದದ್ದನ್ನು ಓದುವುದಿಲ್ಲವಂತೆ.
ಗ್ರಿಮ್ಸ್‌ಬಿ, ಹಡಗುಕಟ್ಟೆಯ ಹಿಂದಿನ ಚರ್ಚ್ ಹಾಲು, ರಾತ್ರಿ ಹತ್ತೂವರೆ.
ಒಗೆಯುವ ಯಂತ್ರದ ನೆತ್ತಿಯ ಮೇಲೆ ಲ್ಯಾಪ್‌ಟಾಪು.

ಮೀನು ಕಂಪನಿಯಲ್ಲಿ ಲೆಕ್ಕ ಬರೆಯುವವಳಲ್ಲವೇ,
ಅರ್ಜಿ ನೀನೇ ಬರಿ ಅಂದಳು ಡೋರೀನ್.
ಹುಟ್ಟಿದಾಗಿನಿಂದ ಮೀನು ಬಾಯಿಗಿಡದವಳು
ಹದಿನಾರು ವರ್ಷ ಕಾಡ್, ಹ್ಯಾಡಕ್ಕುಗಳ ತೂಕ ಕೂಡಿಸಿದ್ದೇನೆ;
ಇದೇನು ಮಹಾ ಅಂದುಕೊಂಡೆ.

ಒಂದು: ನಿಮ್ಮ ಸಂಸ್ಥೆ ಏನು ಮಾಡುತ್ತದೆ?
ಬಟ್ಟೆ ಒಗೆಯುತ್ತೇವೆ.
ಕನ್ನಡದಲ್ಲಿ ಎರಡು ಪದ, ಇಂಗ್ಲಿಷಿನಲ್ಲಿ ಮೂರು.
ಉಳಿದ ಇನ್ನೂರ ನಲವತ್ತೇಳನ್ನು
ಎಲ್ಲಿಂದ ತಂದು ತುಂಬಿದೆನೋ, ಓದಿದರೆ ನನಗೇ ನಾಚಿಕೆ.

ಎರಡು: ಅಗತ್ಯಕ್ಕೆ ಸಾಕ್ಷ್ಯ.
ಸಾಕ್ಷಿ ನನ್ನ ಮೊಣಕೈ ಕೆಳಗೇ ಇದೆ.
ಹಿಂಡುವ ಹೊತ್ತಿಗೆ ಗಡಗಡ ನಡುಗಿ
ಬಾಗಿಲವರೆಗೆ ನಡೆದುಬಿಡುತ್ತದೆ, ಅದಕ್ಕೂ ಸಾಕಾಗಿದೆ.
ಆಗ ಇಲ್ಜೆ ಓಡಿ ಬಂದು ಅದರ ಮೇಲೆ ಕೂರುತ್ತಾಳೆ;
ಚಹಾ ಕಪ್ಪು ಕೈಯಲ್ಲಿ, ತುಟಿಗೆ ತಾಗಿಸುವಂತಿಲ್ಲ.

ಮೂರು: ಫಲಾನುಭವಿಗಳೆಷ್ಟು?
ನಲವತ್ತಮೂರು. ಕೇಳಿದ್ದು ಎಂಟು ಸಾವಿರದ ಆರು ನೂರು ಪೌಂಡ್.
ತಲೆಗೆ ಇನ್ನೂರು, ಪೆನ್ನಿಯೂ ಉಳಿಯದ ಹಾಗೆ.
ಲೆಕ್ಕ ಇಷ್ಟು ಸರಿಹೋದದ್ದು ನನ್ನ ಜನ್ಮದಲ್ಲಿ ಅಪರೂಪ.

ನಾಲ್ಕು: ನಿಮ್ಮಿಂದ ಬದಲಾದ ಒಂದು ಬದುಕನ್ನು ಬಣ್ಣಿಸಿ.
ಸಿರಿಲ್ ಟಾಸ್ಕರ್ ಅಂತ ಮೊದಲೇ ಗುರುತು ಹಾಕಿದ್ದೆ.
ಹದಿನೈದಕ್ಕೇ ಹಡಗು ಹತ್ತಿ ಐಸ್‌ಲ್ಯಾಂಡಿನ ನೀರಿಗೆ ಹೋದವನು.
ವಾರಕ್ಕೊಂದು ಬಿಳಿ ಅಂಗಿ ತರುತ್ತಿದ್ದ, ಒಂದೇ ಒಂದು,
ಯಾರದೋ ಹೊರೆಯ ಜೊತೆ ಸೇರಿಸುತ್ತಿದ್ದೆವು.
ಕುರ್ಚಿ ಎಳೆದುಕೊಂಡು ನಲವತ್ತು ನಿಮಿಷ
ಆ ದುಂಡು ಗಾಜಿನೊಳಗೆ ನೋಡುತ್ತ,
ಇವತ್ತು ಅಲೆ ಕಡಿಮೆ, ಅನ್ನುತ್ತಿದ್ದ.
ನಮ್ಮಿಂದ ನಿನ್ನ ಬದುಕಿನಲ್ಲಿ ಏನು ಬದಲಾಯಿತಪ್ಪ,
ಫಾರಮ್ಮಿನವರು ಕೇಳ್ತಾರೆ, ಅಂದೆ.
ಬಹಳ ಹೊತ್ತು ಯೋಚಿಸಿ ಹೇಳಿದ:
ಕಾಲರು.

ಎಂಟೂವರೆಗೆ ಡೋರೀನ್ ಫೋನು.
ಮಂಗಳವಾರವೇ ಹೋಗಿದ್ದಾನೆ,
ಪಕ್ಕದ ಮನೆಯವರು ಇವತ್ತು ಬಾಗಿಲು ಒಡೆದರಂತೆ.
ಅಂಕಿ ಹಾಗೇ ಇರಲಿ ಬಿಡು, ಅಂದಳು,
ಎಣಿಸುವಾಗ ಇದ್ದನಲ್ಲ.

ಎಣಿಸುವಾಗ ಇದ್ದ.
ನಲವತ್ತೆರಡರಿಂದ ಭಾಗಿಸಿದರೆ
ಇನ್ನೂರ ನಾಲ್ಕು ಪೌಂಡು ಎಪ್ಪತ್ತಾರು ಪೆನ್ಸು,
ಅದರಾಚೆಗೂ ಮುಗಿಯದೆ ಹೋಗುತ್ತಲೇ ಇದೆ.
ಕೋಷ್ಟಕದಲ್ಲಿ ತಿದ್ದಿದೆ, ಸಾರಾಂಶದಲ್ಲಿ ತಿದ್ದಿದೆ,
ಅನುಬಂಧದಲ್ಲಿ ಎರಡು ಕಡೆ.

ಹೋದ ವಾರದ ಅಂಗಿ ಕಪಾಟಿನಲ್ಲೇ ಇತ್ತು, ಚೀಟಿಯ ಸಮೇತ.
ಬಿಚ್ಚಿ ನೋಡಿ ಮತ್ತೆ ಮಡಿಸಿದೆ.
ಮಡಿ ಅನ್ನುವ ಮಾತು ನೆನಪಾಯಿತು:
ಕೋಲಿನಿಂದ ಗಳುವಿಗೇರಿ ಯಾರ ಕೈಗೂ ಸಿಗದೆ ಒಣಗುವುದು,
ಒಗೆದವಳನ್ನೇ ಹೊಸಿಲಾಚೆ ನಿಲ್ಲಿಸುವುದು.
ಅದು ಇಲ್ಲಿಗೆ ಬೇಡ.
ಇಲ್ಲಿ ಎಲ್ಲರದೂ ಒಂದೇ ಡ್ರಮ್ಮು,
ತೋಳಿಗೆ ತೋಳು ಗಂಟುಬಿದ್ದೇ ಈಚೆ ಬರುತ್ತವೆ.
ಆದರೂ ಆ ಮಾತು ಸುಮ್ಮನೆ ಹೋಗಲಿಲ್ಲ.
ಯುದ್ಧದಲ್ಲಿ ಬಿದ್ದವರಿಗಷ್ಟೇ ಹೇಳುತ್ತೇವೆ ಮಡಿದರು ಅಂತ;
ಮಂಗಳವಾರ, ಹೀಟರು ಹಾಕದ ಕೋಣೆಯಲ್ಲಿ
ಸಿರಿಲ್ ಟಾಸ್ಕರ್ ಮಡಿದ,
ಎಂದು ಇಂಗ್ಲಿಷಿನಲ್ಲಿ ಬರೆಯಲು ಬರಲಿಲ್ಲ.

ಕಾಲರಿನ ವಿಷಯ ಬರೆದೆ, ಅಲೆಯ ವಿಷಯ ಬರೆದೆ.
ನೂರ ಐವತ್ತೊಂದು, ಎಂದು ಕೆಂಪಾಯಿತು ಚೌಕ.
ಯಾವುದನ್ನು ತೆಗೆಯಲಿ? ಬಿಳಿಯ? ಒಂದೇ?
ಕೊನೆಯ ಸಾಲಿನ ದಯವಿಟ್ಟು ಅಳಿಸಿದೆ.

ಒಂಬತ್ತಕ್ಕೆ ಶವಾಗಾರದವರು ಅಂಗಿ ಒಯ್ಯಲು ಬರುತ್ತಾರೆ,
ಹನ್ನೆರಡಕ್ಕೆ ಅರ್ಜಿ.
ಲ್ಯಾಪ್‌ಟಾಪು ಪಕ್ಕಕ್ಕೆ ಸರಿಸಿ
ಇಸ್ತ್ರಿಪೆಟ್ಟಿಗೆ ಕಾಯಲಿಟ್ಟೆ.